ಹನ್ನೊಂದು ಮನೆಗಳ ಫ್ಯಾನು

ಧನರಾಜನ ಫೋನಿನಲ್ಲಿ ಹನ್ನೊಂದು ಮನೆಗಳಿದ್ದವು. ಅವುಗಳಲ್ಲಿ ಒಂದೂ ಅವನದಲ್ಲ.

ಕದ್ದದ್ದೂ ಅಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿ.ಸಿ.ರೋಡಿನ ಧನರಾಜ್ ಇಪ್ಪತ್ತೈದು ವರ್ಷದಿಂದ ವಯರಿಂಗ್ ಕೆಲಸ ಮಾಡುವವನು. ಮೂರು ವರ್ಷದಿಂದ ಈಚೆಗೆ ಮನೆಮನೆಗೆ ಸ್ಮಾರ್ಟ್ ಸ್ವಿಚ್ ಹಾಕಲು ಹೋಗುತ್ತಿದ್ದ. ಹಳೆಯ ಸ್ವಿಚ್ ಬೋರ್ಡ್ ಬಿಚ್ಚಿ, ತಿರುಗಿಸುವ ರೆಗ್ಯುಲೇಟರನ್ನು ಕಿತ್ತು, ಅಲ್ಲೊಂದು ಗಾಜಿನ ಫಲಕ ಕೂರಿಸಿದರೆ ಆಯಿತು. ಆಮೇಲೆ ಫ್ಯಾನನ್ನು ಒಂದರಿಂದ ಐದರವರೆಗೆ ಬೆರಳು ತಾಗಿಸಿಯೂ ಓಡಿಸಬಹುದು, ಫೋನಿನಿಂದಲೂ ಓಡಿಸಬಹುದು. ಇಷ್ಟರಲ್ಲಿ ಕಷ್ಟವೇನೂ ಇಲ್ಲ. ಕಷ್ಟ ಶುರುವಾಗುವುದು ಕೊನೆಗೆ, ಫೋನಿಗೆ ಜೋಡಿಸುವಾಗ. ಆ್ಯಪ್ ಇ-ಮೇಲ್ ಕೇಳುತ್ತದೆ. ಮನೆಯ ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ. ಇ-ಮೇಲ್ ಉಂಟು, ಆದರೆ ಅದನ್ನು ಯಾರೋ ಮಾಡಿಕೊಟ್ಟದ್ದು; ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು; ಆ ಕ್ಯಾಲೆಂಡರಿನ ಹಾಳೆ ಹರಿದು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಿ ಆಗಿದೆ. ಮನೆಯವರೆಲ್ಲ ಒಟ್ಟಾಗಿ ಹೊಸ ಪಾಸ್‌ವರ್ಡ್ ಯೋಚಿಸಲು ಕೂತರೆ ಒಂದು ಮದುವೆ ನಿಶ್ಚಯ ಮಾಡಿ ಮುಗಿಸುವಷ್ಟು ಹೊತ್ತು ಹಿಡಿಯುತ್ತದೆ. ಧನರಾಜ್ ಅರ್ಧ ಗಂಟೆ ಕಾದು ನೋಡಿ, "ಬಿಡಿ ಮಾರಾಯ್ರೆ, ನನ್ನ ಇ-ಮೇಲಿನಲ್ಲೇ ಹಾಕ್ತೇನೆ, ನಿಮಗೆ ಶೇರ್ ಮಾಡಿ ಕೊಡ್ತೇನೆ" ಎನ್ನುತ್ತಿದ್ದ. ಅವರಿಗೂ ಅಷ್ಟೇ ಬೇಕಾಗಿತ್ತು. ಹೀಗೆ ಮನೆ ಅವರದೇ, ಫ್ಯಾನ್ ಅವರದೇ, ಆದರೆ ಆ್ಯಪಿನ ಪ್ರಕಾರ ಯಜಮಾನ ಮಾತ್ರ ಧನರಾಜ್.

ಮೊದಮೊದಲು ಅದರಿಂದ ಅನುಕೂಲವೇ ಆಯಿತು. ಯಾರಾದರೂ ಫ್ಯಾನ್ ಓಡುತ್ತಿಲ್ಲ ಎಂದು ಫೋನ್ ಮಾಡಿದರೆ ಕೂತಲ್ಲಿಂದಲೇ ನೋಡಿ, ಇಂಥ ಕಡೆ ತಪ್ಪಿದೆ ಎಂದು ಹೇಳುತ್ತಿದ್ದ. ಅವನಿಗೆ ಸಾಮಾನು ಕೊಡುವ ಎಲೆಕ್ಟ್ರಿಕಲ್ ಅಂಗಡಿಯ ಅಬ್ದುಲ್ ರವೂಫ್ ಬಂದ ಗಿರಾಕಿಗಳಿಗೆಲ್ಲ ಇದನ್ನೇ ದೊಡ್ಡದಾಗಿ ಹೇಳುತ್ತಿದ್ದರು. ಆದರೆ ಯಾರೂ ಫೋನ್ ಮಾಡದ ಸಂಜೆಗಳಲ್ಲೂ ಧನರಾಜ್ ಆ್ಯಪ್ ತೆರೆದು ಕೂರಲು ಶುರುಮಾಡಿದ್ದು ಯಾವಾಗ ಎಂದು ಕೇಳಿದರೆ ಅವನಿಗೂ ನೆನಪಿಲ್ಲ.

ವಯಸ್ಸು ನಲವತ್ತೇಳು. ಮದುವೆಯಾಗಿಲ್ಲ. ಮೂವರು ತಂಗಿಯರದು ಒಂದಾದ ಮೇಲೊಂದು ಮುಗಿಯುವಷ್ಟರಲ್ಲಿ ತಾಯಿ ಸೇಸಮ್ಮ ಹಾಸಿಗೆ ಹಿಡಿದಳು. ತಾಯಿಯ ಆರೈಕೆ ಮುಗಿಯುವಷ್ಟರಲ್ಲಿ ಹೆಣ್ಣಿನ ಕಡೆಯವರು ಅವನ ವಯಸ್ಸು ಕೇಳಿ ಮಾತು ಬದಲಿಸುವ ಕಾಲ ಬಂದಿತ್ತು. ತಾಯಿ ತೀರಿಕೊಂಡು ನಾಲ್ಕು ವರ್ಷ. ಈಗ ರವೂಫರ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಊರಿಗೆಲ್ಲ ಗಾಜಿನ ಸ್ವಿಚ್ ಹಾಕುವವನ ಕೋಣೆಯಲ್ಲಿ ರೆಗ್ಯುಲೇಟರಿನ ಗುಂಡಿ ಎಂದೋ ಉದುರಿಹೋಗಿತ್ತು. ಉಳಿದ ಕಡ್ಡಿಯನ್ನು ಇಕ್ಕಳದಿಂದ ಹಿಡಿದು ತಿರುಗಿಸಬೇಕು. ತಿರುಗಿಸಿದರೆ ಒಂದೋ ಬಂದ್, ಇಲ್ಲದಿದ್ದರೆ ಫುಲ್.

ಸಂಜೆ ಸ್ನಾನ ಮುಗಿಸಿ, ಗಂಜಿಗೆ ಇಟ್ಟು, ಅವನು ಫೋನ್ ಹಿಡಿದು ಕೂರುತ್ತಿದ್ದ. ಬಂಟ್ವಾಳ ಪೇಟೆಯ ರಾಫಿಯಾರ ಮನೆಯಲ್ಲಿ ಚಾವಡಿಯ ಎರಡೂ ಫ್ಯಾನ್ ಐದಕ್ಕೆ ಏರಿದರೆ ನೆಂಟರು ಬಂದಿದ್ದಾರೆ ಎಂದು ಅರ್ಥ. ಮೂಡುಬಿದಿರೆಯ ಬ್ಯಾಂಕಿನವರ ಮನೆಯಲ್ಲಿ ಮಲಗುವ ಕೋಣೆಯ ಫ್ಯಾನ್ ನಾಲ್ಕಾಗಿ, ಎರಡಾಗಿ, ಮತ್ತೆ ನಾಲ್ಕಾಗಿ, ಮತ್ತೆ ಎರಡಾಗುತ್ತಿತ್ತು. ಗಂಡನಿಗೆ ಸೆಖೆ, ಹೆಂಡತಿಗೆ ಚಳಿ. "ಮೂರಕ್ಕಿಡಿ ಮಾರಾಯ್ರೆ" ಎಂದು ಧನರಾಜ್ ಫೋನಿಗೆ ಹೇಳಿ ನಗುತ್ತಿದ್ದ. ಆ ನಗೆಯನ್ನು ಕೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಒಂದೇ ಒಂದು ಶಿಸ್ತು ಇಟ್ಟುಕೊಂಡಿದ್ದ: ನೋಡುವುದು, ಮುಟ್ಟುವುದಿಲ್ಲ. ಯಾರ ಮನೆಯ ಫ್ಯಾನನ್ನೂ ಅವನು ಒಂದು ಸಲವೂ ಏರಿಸಿದವನಲ್ಲ, ಇಳಿಸಿದವನಲ್ಲ. ಹಾಗಾಗಿ ಇದು ತಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಪ್ಪೇ ಅದು. ಬೇರೆಯವರ ಕಿಟಕಿಯಲ್ಲಿ ಇಣುಕುವವನು ಕೈ ಒಳಗೆ ಹಾಕಲಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಅದು ಅವನಿಗೂ ಗೊತ್ತಿತ್ತು.

ಹನ್ನೊಂದರಲ್ಲಿ ಅವನು ದಿನಕ್ಕೊಮ್ಮೆ ತಪ್ಪದೆ ನೋಡುತ್ತಿದ್ದದ್ದು ನಾರಾವಿಯ ಒಂದು ಮನೆಯನ್ನು. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಧರಣೇಂದ್ರರ ಮನೆ ಅದು, ಜೈನರು. ಧರಣೇಂದ್ರ, ಅವರ ಹೆಂಡತಿ, ಮತ್ತು ಧರಣೇಂದ್ರರ ಅಕ್ಕ ವಿಮಲಾ ಟೀಚರ್. ಟೀಚರು ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಅವರಿಗೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಎಲ್ಲರೂ ತುಳು ಮಾತಾಡಿದರೂ ಅವರು ಮಾತ್ರ ಬಂದವರ ಹತ್ತಿರವೆಲ್ಲ ಕನ್ನಡವನ್ನೇ ಮಾತಾಡುತ್ತಿದ್ದರು, ಎದುರಿಗೆ ಕಪ್ಪು ಹಲಗೆ ಇದೆಯೋ ಎಂಬಂತೆ ನಿಧಾನವಾಗಿ.

ಎರಡು ವರ್ಷದ ಹಿಂದೆ ಅಲ್ಲಿ ಕೆಲಸಕ್ಕೆ ಹೋದ ದಿನ ಧನರಾಜ್ ಬೆವರಿ ಹೋಗಿದ್ದ. ಹಳೆಯ ವಯರಿಂಗ್, ಯಾವ ಬೋರ್ಡಿಗೂ ನ್ಯೂಟ್ರಲ್ ವಯರ್ ಬಂದಿರಲಿಲ್ಲ. ಅದಿಲ್ಲದೆ ಈ ಸ್ವಿಚ್ಚಿಗೆ ಜೀವ ಬರುವುದಿಲ್ಲ. ಅವನು ಗೋಡೆಯ ಪೈಪಿನಲ್ಲಿ ಹೊಸ ವಯರ್ ಎಳೆಯುತ್ತಿದ್ದಾಗ ಟೀಚರ್ ಕುರ್ಚಿ ತಂದು ಹಾಕಿಕೊಂಡು ಎದುರು ಕೂತರು. ನ್ಯೂಟ್ರಲ್ ಎಂದರೆ ಏನು ಎಂದು ಕೇಳಿದರು. ಬಂದ ಕರೆಂಟು ವಾಪಸು ಹೋಗುವ ದಾರಿ ಎಂದ. ಹಾಗಾದರೆ ಇಷ್ಟು ವರ್ಷ ವಾಪಸು ಹೋಗದೆ ಫ್ಯಾನ್ ಹೇಗೆ ತಿರುಗಿತು ಎಂದು ಅವರು ಮತ್ತೆ ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಅವನನ್ನು ಎಷ್ಟಾಗುತ್ತದೆ, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದವರೇ ಎಲ್ಲ. ಹೇಗೆ ಎಂದು ಕೇಳಿದವರು ಅವರೊಬ್ಬರೇ. ಅವನು ಏಣಿಯಿಂದ ಇಳಿದು, ದಾರಿ ಫ್ಯಾನಿನ ಹತ್ತಿರ ಇತ್ತು, ಬೋರ್ಡಿನ ಹತ್ತಿರ ಇರಲಿಲ್ಲ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಅವರ ಕೋಣೆಯ ಫ್ಯಾನ್ ನಿಧಾನಕ್ಕೆ ಇಟ್ಟರೆ ಗುಂಯ್‌ಗುಡುತ್ತಿತ್ತು. ಕೆಪಾಸಿಟರ್ ಬದಲಿಸಿ, ಮತ್ತೆ ಬದಲಿಸಿ, ಎರಡರಲ್ಲಿ ಸದ್ದಿಲ್ಲದೆ ತಿರುಗುವ ಹಾಗೆ ಮಾಡಿದ. ನನಗೆ ಎರಡು ಸಾಕು ಎಂದರು ಟೀಚರ್.

ಐದೂವರೆಗೆ ಅವನನ್ನು ಊಟಕ್ಕೆ ಕೂರಿಸಿದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಕೆಲಸಕ್ಕೆ ಬಂದವನನ್ನೂ ಹಸಿದು ಕಳಿಸುವುದಿಲ್ಲ. ಬಡಿಸುತ್ತಾ ಟೀಚರ್ ತಾಯಿಯ ಹೆಸರು ಕೇಳಿದರು. ಹೇಳಿದ. ಹೊರಡುವಾಗ "ಜಾಗ್ರತೆ ಹೋಗಿ, ಸೇಸಮ್ಮನ ಮಗ" ಎಂದರು. ತಾಯಿ ಸತ್ತ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಬೈಕಿನಲ್ಲಿ ಶಿರ್ತಾಡಿಯವರೆಗೆ ಅವನ ಕಣ್ಣು ಮಂಜಾಗಿತ್ತು.

ಅಂದಿನಿಂದ ಅವನಿಗೆ ಟೀಚರ ದಿನಚರಿ ಬಾಯಿಪಾಠ. ಮಧ್ಯಾಹ್ನ ಒಂದೂಕಾಲಕ್ಕೆ ಅವರ ಫ್ಯಾನ್ ಎರಡಕ್ಕೆ ಬರುತ್ತದೆ, ಎರಡೂ ಮುಕ್ಕಾಲಿಗೆ ನಿಲ್ಲುತ್ತದೆ. ರಾತ್ರಿ ಒಂಬತ್ತಕ್ಕೆ ಮತ್ತೆ ಎರಡು, ಬೆಳಿಗ್ಗೆ ನಾಲ್ಕೂವರೆಗೆ ಬಂದ್. ಎಲ್ಲಿ ಕೆಲಸದಲ್ಲಿದ್ದರೂ ಧನರಾಜ್ ಬುತ್ತಿ ಬಿಚ್ಚುವುದನ್ನು ಒಂದೂಕಾಲಕ್ಕೆ ತಂದು ನಿಲ್ಲಿಸಿದ್ದ. ಯಾರ ಜೊತೆಗೋ ಉಂಡಂತೆ ಆಗುತ್ತಿತ್ತು.

ಈ ಸಲ ಯುಗಾದಿ ಕಳೆದು ವಾರವಾಗಿತ್ತು. ಒಂದು ಮಧ್ಯಾಹ್ನ ಒಂದೂಕಾಲಾದರೂ ಆ ಫ್ಯಾನ್ ತಿರುಗಲಿಲ್ಲ. ರಾತ್ರಿಯೂ ಇಲ್ಲ. ಧರ್ಮಸ್ಥಳದ ಕಡೆ ಮದುವೆಗೆ ಹೋಗಿರಬೇಕು ಎಂದುಕೊಂಡ. ಮೂರನೆಯ ದಿನವೂ ಇಲ್ಲ. ಸ್ವಿಚ್ ಕೆಟ್ಟಿರಬಹುದೇ ಎಂದು ನೋಡಿದರೆ ಸ್ವಿಚ್ ಸರಿ ಇತ್ತು. ಮನೆಯ ಉಳಿದ ಫ್ಯಾನ್‌ಗಳು ಎಂದಿನಂತೆ ಓಡುತ್ತಿದ್ದವು. ನಾಲ್ಕನೆಯ ದಿನ ಚಾವಡಿಯ ಮೂರೂ ಫ್ಯಾನ್ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಐದರಲ್ಲಿ ಓಡಿದವು. ಮನೆ ತುಂಬ ಜನ ಸೇರಿದ್ದಾರೆ. ಟೀಚರ ಕೋಣೆಯದು ಮಾತ್ರ ಸುಮ್ಮನಿದೆ. ಧನರಾಜನಿಗೆ ಸಾವಿನ ಮನೆ ನೆನಪಾಯಿತು.

ಫೋನ್ ಮಾಡಬಹುದಿತ್ತು. ಧರಣೇಂದ್ರರ ನಂಬರು ಒತ್ತಿ ಎರಡು ಸಲ ಕಟ್ ಮಾಡಿದ. ಏನೆಂದು ಕೇಳುವುದು? ನಿಮ್ಮ ಅಕ್ಕ ಮಲಗುವಾಗ ಫ್ಯಾನ್ ಯಾಕೆ ಹಾಕುತ್ತಿಲ್ಲ ಎಂದೇ? ದಿನಾ ಬೆಳಿಗ್ಗೆ ರವೂಫರ ಅಂಗಡಿಗೆ ಬರುವ ಪೇಪರಿನಲ್ಲಿ ನಿಧನದ ಪುಟವನ್ನು ಮೊದಲು ತೆಗೆದು ಓದತೊಡಗಿದ. ನಾರಾವಿ ಎಂಬ ಹೆಸರು ಕಂಡಾಗಲೆಲ್ಲ ಬೆರಳಿಟ್ಟು ಓದುತ್ತಿದ್ದ, ಆಮೇಲೆ ಅದು ಬೇರೆ ಯಾರೋ ಆಗಿರುತ್ತಿತ್ತು. ಅವನನ್ನು ಹೆಚ್ಚು ಕಾಡಿದ್ದು ಅವರು ಸತ್ತಿರಬಹುದು ಎಂಬುದಷ್ಟೇ ಅಲ್ಲ. ಸತ್ತಿದ್ದರೆ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಆ ಮನೆಗೆ ಒಂದು ದಿನ ಸ್ವಿಚ್ ಹಾಕಲು ಬಂದವನು. ಅಂಥವನಿಗೆ ಯಾರು ಸುದ್ದಿ ಮುಟ್ಟಿಸುತ್ತಾರೆ?

ಹದಿನೇಳನೆಯ ದಿನ ಅವನಿಂದ ಆಗಲಿಲ್ಲ. ಬೆಳಿಗ್ಗೆ ಬೈಕ್ ಹತ್ತಿ ಸಿದ್ಧಕಟ್ಟೆ, ಮೂಡುಬಿದಿರೆ, ಶಿರ್ತಾಡಿ ದಾಟಿ ನಾರಾವಿಗೆ ಹೋದ. ಕೇಳಿದರೆ ಇರಲಿ ಎಂದು ಸಾಮಾನಿನ ಚೀಲ ಹಿಂದೆ ಕಟ್ಟಿಕೊಂಡಿದ್ದ. ಸ್ವಿಚ್ಚಿಗೆ ಅಪ್‌ಡೇಟ್ ಬಂದಿದೆ ಎಂಬ ಸುಳ್ಳನ್ನೂ ದಾರಿಯುದ್ದಕ್ಕೂ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದ.

ಜಗಲಿಯಲ್ಲಿ ಟೀಚರ್ ಅಲಸಂಡೆ ಮುರಿಯುತ್ತಾ ಕೂತಿದ್ದರು. ಮುಖ ಬೆವರಿನಿಂದ ಒದ್ದೆಯಾಗಿತ್ತು, ಸ್ವಲ್ಪ ಇಳಿದೂ ಇದ್ದರು, ಆದರೆ ಅವರೇ. ತಲೆ ಎತ್ತಿ, "ಯಾರು, ಸೇಸಮ್ಮನ ಮಗನಾ?" ಎಂದರು. ಧನರಾಜನಿಗೆ ಅಭ್ಯಾಸ ಮಾಡಿದ ಸುಳ್ಳು ಬಾಯಿಗೆ ಬರಲಿಲ್ಲ. ಹೆಲ್ಮೆಟ್ ಹಿಡಿದು ಹಾಗೇ ನಿಂತ.

ಒಳಗಿನಿಂದ ಬಂದ ಧರಣೇಂದ್ರ, ನಾವು ಕರೆಯಲಿಲ್ಲವಲ್ಲ ಎಂದಾಗ ಅಪ್‌ಡೇಟಿನ ಮಾತು ತಡವರಿಸಿಕೊಂಡು ಹೊರಬಿತ್ತು. ಕೂರಿಸಿದರು. ನೀರು ಕೊಟ್ಟರು. ಅವನ ಅಂಗಿ ಮೈಗೆ ಅಂಟಿಕೊಂಡದ್ದನ್ನು ಟೀಚರ್ ನೋಡಿದರು. ಆದರೆ ತಲೆಯ ಮೇಲಿದ್ದ ಫ್ಯಾನ್ ಹಾಕು ಎಂದು ತಮ್ಮನಿಗೆ ಹೇಳಲಿಲ್ಲ. ಧರಣೇಂದ್ರರೇ ಎದ್ದು ಹಾಕಿದರು. ಟೀಚರ್ ಅಲಸಂಡೆಯ ಗೆರಸೆ ಎತ್ತಿಕೊಂಡು ಗಾಳಿ ತಾಗದ ಮೂಲೆಗೆ ಹೋಗಿ ಕೂತರು.

ಧರಣೇಂದ್ರ ನಗುತ್ತಾ ವಿಷಯ ಹೇಳಿದರು. ಯುಗಾದಿಯ ಮರುವಾರ ಮುನಿಗಳು ಕಾಲ್ನಡಿಗೆಯಲ್ಲಿ ನಾರಾವಿಗೆ ಬಂದಿದ್ದರಂತೆ. ಅವರ ಎದುರು ಅಕ್ಕ ಒಂದು ವರ್ಷಕ್ಕೆ ಫ್ಯಾನಿನ ಗಾಳಿ ತ್ಯಜಿಸುವ ನಿಯಮ ತೆಗೆದುಕೊಂಡಳಂತೆ. ಗಾಳಿಯಲ್ಲೂ ಜೀವ ಉಂಟಲ್ಲ, ರೆಕ್ಕೆ ಬೀಸಿ ಅದನ್ನು ಹಿಂಸಿಸಬಾರದು ಎಂದು. ತಾನು ಫ್ಯಾನ್ ಹಾಕುವ ಹಾಗಿಲ್ಲ, ಇನ್ನೊಬ್ಬರಿಂದ ಹಾಕಿಸುವ ಹಾಗಿಲ್ಲ, ಹಾಕಿದ್ದು ಒಳ್ಳೇದಾಯ್ತು ಎನ್ನುವ ಹಾಗೂ ಇಲ್ಲ. ಅಕ್ಕನ ಕೋಣೆಗೆ ಸ್ವಿಚ್ ಹಾಕಿಸಿದ್ದೇ ದಂಡ ಎಂದರು. ಮುನಿಗಳ ಜೊತೆ ನಡೆದು ಬಂದ ನೂರು ಜನರಿಗೆ ಚಾವಡಿಯಲ್ಲೇ ಊಟ ಹಾಕಿದ್ದನ್ನೂ ಹೇಳಿದರು. ಅಷ್ಟರಲ್ಲಿ ಅಂಗಡಿಗೆ ಲಾರಿ ಬಂತೆಂದು ಫೋನ್ ಬಂದು, ಅವರು ಎದ್ದು ಹೋದರು.

ಧನರಾಜನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟೀಚರ್ ಕತ್ತು ಒರೆಸಿಕೊಳ್ಳುತ್ತಾ, "ಎರಡು ವಾರ ಆಯ್ತಷ್ಟೆ. ಇನ್ನೂ ಅಭ್ಯಾಸ ಆಗ್ಲಿಲ್ಲ" ಎಂದರು.

"ಹದಿನೇಳು ದಿನ, ಟೀಚರ್" ಎಂದುಬಿಟ್ಟ ಧನರಾಜ್.

ಅವರ ಕೈ ನಿಂತಿತು. ಅವರು ಗದರಿಸಲಿಲ್ಲ, ಹೇಗೆ ಗೊತ್ತು ಎಂದೂ ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳನ್ನು ನೋಡಿದವರಿಗೆ ಸುಮ್ಮನಿದ್ದರೆ ಸಾಕು ಎಂದು ಗೊತ್ತಿರುತ್ತದೆ. ಧನರಾಜ್ ಕಿಸೆಯಿಂದ ಫೋನ್ ತೆಗೆದು, ಆ್ಯಪ್ ತೆರೆದು, ಅವರ ಕೈಗೆ ಕೊಟ್ಟ. ಪಾಸ್‌ವರ್ಡಿನ ಕಥೆಯಿಂದ ಹಿಡಿದು ನಿಧನದ ಪುಟದವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವರ ಮುಖ ನೋಡಲಿಲ್ಲ. ಈ ಮನೆಗೆ ಇನ್ನು ಕಾಲಿಡುವ ಹಾಗಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಟೀಚರ್ ಕನ್ನಡಕ ಹಾಕಿಕೊಂಡು ಹನ್ನೊಂದು ಹೆಸರುಗಳನ್ನೂ ಬೆರಳಿನಿಂದ ಸರಿಸಿ ಓದಿದರು, ಹಾಜರಿ ಪುಸ್ತಕ ಓದುವ ಹಾಗೆ.

"ಇವರಿಗೆಲ್ಲ ಗೊತ್ತುಂಟಾ?"

"ಇಲ್ಲ."

"ತಪ್ಪು ಅಂತ ನಿಮಗೆ ಗೊತ್ತುಂಟಾ?"

"ಉಂಟು, ಟೀಚರ್."

ಅವರು ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಸರಿಸಿದರು. "ಇದರಲ್ಲಿ ನಿಮ್ಮ ಮನೆ ಯಾವುದು?"

ಧನರಾಜ್ ಇಲ್ಲ ಎಂದು ತಲೆಯಾಡಿಸಿದ. ಆ ಪಟ್ಟಿಯಲ್ಲಿ ಅಂಥದ್ದೊಂದು ಇರಬಹುದಿತ್ತು ಎಂದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅವರ ತೀರ್ಪು ಉದ್ದದ್ದೇನಲ್ಲ. ಈ ಮನೆಯನ್ನು ಈಗಲೇ ತಮ್ಮ ಫೋನಿಗೆ ಪೂರ್ತಿ ಬಿಟ್ಟುಕೊಡಬೇಕು. ಉಳಿದ ಹತ್ತು ಮನೆಗಳಿಗೂ ಹೋಗಿ, ವಿಷಯ ಹೇಳಿ, ಅವರವರದನ್ನು ಅವರವರಿಗೆ ಕೊಟ್ಟು ಬರಬೇಕು. ಪಾಸ್‌ವರ್ಡ್ ಮರೆತರೆ ಅದು ಅವರ ಕರ್ಮ. ಧನರಾಜ್ ಎಲ್ಲದಕ್ಕೂ ಹೂಂ ಎಂದ. ಆ ಹೂಂ ಹೇಳುವಾಗ ಏಳು ಗಂಟೆಯ ಕೋಣೆ, ಕುದಿಯುವ ಗಂಜಿ, ಖಾಲಿ ಫೋನು ಕಣ್ಣ ಮುಂದೆ ಬಂದವು. ಎರಡೇ ನಿಮಿಷದ ಕೆಲಸ. ನಾರಾವಿಯ ಮನೆ ಅವನ ಪಟ್ಟಿಯಿಂದ ಹೋಯಿತು.

ಹೆಲ್ಮೆಟ್ ಎತ್ತಿಕೊಳ್ಳುವಾಗ ಟೀಚರ್ ಕರೆದರು. "ನಿಮ್ಮ ಕೋಣೆಗೂ ಒಂದು ಸ್ವಿಚ್ ಹಾಕಿ. ಹಾಕಿ ನನಗೆ ಶೇರ್ ಮಾಡಿ."

"ನಿಮಗೆ ಯಾಕೆ, ಟೀಚರ್?"

"ನಾನು ಹದಿನೇಳು ದಿನ ಫ್ಯಾನ್ ಹಾಕ್ಲಿಲ್ಲ ಅಂತ ನೀವು ಬಂದ್ರಿ. ನೀವು ಹಾಕದಿದ್ರೆ ಯಾರು ಬರ್ತಾರೆ?"

ಧನರಾಜ್ ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿದ. ಸ್ವಿಚ್ ಹಾಕಿ ಎಂದರೇ ಹೊರತು ಫ್ಯಾನ್ ಹಾಕಿ ಎನ್ನಲಿಲ್ಲ. ಟೀಚರು ನಿಯಮದಲ್ಲಿ ಪಕ್ಕಾ.

ಹತ್ತು ಮನೆ ತಿರುಗಲು ಎರಡು ವಾರ ಹಿಡಿಯಿತು. ಮೂಡುಬಿದಿರೆಯ ಬ್ಯಾಂಕಿನವರಿಗೆ ಅವನು ಏನು ತಪ್ಪೊಪ್ಪಿಕೊಳ್ಳುತ್ತಿದ್ದಾನೆ ಎಂದೇ ಅರ್ಥವಾಗಲಿಲ್ಲ. ಫ್ಯಾನನ್ನು ಮೂರರಲ್ಲೇ ನಿಲ್ಲಿಸಿಬಿಡಲು ಆಗುತ್ತದೆಯೇ ಎಂದು ಕೇಳಿದರು. ರಾಫಿಯಾರಿಗೆ ಕೂಡಲೇ ಅರ್ಥವಾಯಿತು. "ಇಷ್ಟು ದಿನ ನಮ್ಮ ಮನೆಯದ್ದು ನಿಮ್ಮ ಕೈಯಲ್ಲಿತ್ತಾ?" ಎಂದು ಅವನನ್ನೇ ನೋಡಿದರು. ಹೋದಾಗಲೆಲ್ಲ ಬಚ್ಚಂಗಾಯಿ ಜ್ಯೂಸ್ ಕೊಡುತ್ತಿದ್ದವರು ಅಂದು ಬಾಗಿಲಲ್ಲೇ ನಿಂತು ಕೆಲಸ ಮುಗಿಸಿಕೊಂಡರು. ಧನರಾಜ್ ಸಮಜಾಯಿಷಿ ಕೊಡಲು ಹೋಗಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಆದರೂ ಗೇಟಿನ ಚಿಲಕ ಹಾಕುವಾಗ ಅವನ ಮುಖ ಹುಳ್ಳಗಾಗಿತ್ತು.

ಕೊನೆಯ ಮನೆಯೂ ಹೋದ ಸಂಜೆ ಆ್ಯಪ್ ತೆರೆದರೆ ಬಿಳಿ ಪರದೆ. ಮನೆ ಸೇರಿಸಿ ಎಂಬ ಒಂದು ಗುಂಡಿ ಮಾತ್ರ. ಅವನು ಅದನ್ನೇ ನೋಡುತ್ತಾ ಗಂಜಿ ಉಂಡ. ಆ ಸಂಜೆಯಷ್ಟು ಒಂಟಿತನ ಅವನಿಗೆ ತಾಯಿಯ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ತಂಗಿಯರೆಲ್ಲ ಹೊರಟುಹೋದ ಸಂಜೆಯೂ ಆಗಿರಲಿಲ್ಲ.

ಮರುದಿನ ರವೂಫರ ಅಂಗಡಿಯಲ್ಲಿ ಒಂದು ಸ್ವಿಚ್ ತೆಗೆದುಕೊಂಡ. ಯಾರ ಮನೆಗೆ ಎಂದು ರವೂಫ್ ಕೇಳಿದರು. ನನಗೇ ಎಂದಾಗ ಅವರು ಕನ್ನಡಕದ ಮೇಲಿನಿಂದ ನೋಡಿ, ಕಟ್ಟಿಕೊಟ್ಟರು. ಗುಂಡಿಯಿಲ್ಲದ ರೆಗ್ಯುಲೇಟರ್ ಕಿತ್ತ. ನ್ಯೂಟ್ರಲ್ ಎಳೆದ. ಎರಡರಲ್ಲಿ ಸದ್ದು ಬಾರದ ಹಾಗೆ ಕೆಪಾಸಿಟರ್ ಬದಲಿಸಿದ. ಹೆಸರು ಕೊಡಿ ಎಂದು ಆ್ಯಪ್ ಕೇಳಿದಾಗ ತುಂಬ ಹೊತ್ತು ಯೋಚಿಸಿ 'ಮನೆ' ಎಂದು ಬರೆದ. ಟೀಚರ ನಂಬರಿಗೆ ಶೇರ್ ಮಾಡಿದ. ಸಂಜೆಯೊಳಗೆ ಅವರು ಒಪ್ಪಿಕೊಂಡದ್ದು ಕಾಣಿಸಿತು. ಒಂದು ಮಾತಿಲ್ಲ, ಒಂದು ಮೆಸೇಜ್ ಇಲ್ಲ.

ಹತ್ತು ದಿನ ಹೋಯಿತು. ಹಾಕುತ್ತಿದ್ದ, ಬಂದ್ ಮಾಡುತ್ತಿದ್ದ. ಅವರು ನೋಡುತ್ತಿದ್ದಾರೋ, ಆ ದಿನ ಕನಿಕರಕ್ಕೆ ಹೇಳಿ ಮರೆತರೋ ಗೊತ್ತಾಗುವ ದಾರಿ ಇರಲಿಲ್ಲ. ನೋಡುವವನಾಗಿದ್ದಾಗ ಇದೊಂದು ಕಷ್ಟ ಅವನಿಗೆ ಇರಲಿಲ್ಲ. ಕೇಳಲು ನಾಚಿಕೆ.

ಮೇ ತಿಂಗಳ ನಡುವೆ, ನೇತ್ರಾವತಿ ಬಂಡೆ ಕಾಣುವಷ್ಟು ಬತ್ತಿ, ಅಂಗಡಿಯ ಮೇಲಿನ ಕೋಣೆ ಒಲೆಯಂತೆ ಕಾಯುತ್ತಿದ್ದಾಗ, ನಲವತ್ತೇಳರ ಆ ಮನುಷ್ಯ ಒಂದು ಮಕ್ಕಳಾಟಿಕೆ ಮಾಡಿದ. ಫ್ಯಾನ್ ಬಂದ್ ಮಾಡಿ, ಮತ್ತೆ ಹಾಕಲಿಲ್ಲ. ತಾನು ನಾರಾವಿಗೆ ಹೋಗಲು ಹದಿನೇಳು ದಿನ ತೆಗೆದುಕೊಂಡಿದ್ದ. ಹಾಗಾಗಿ ಅವರಿಗೂ ಹದಿನೇಳು ದಿನ ಕೊಡುವುದು ನ್ಯಾಯ ಎಂದುಕೊಂಡ. ಮೊದಲ ದಿನ ನೆಲಕ್ಕೆ ನೀರು ಚಿಮುಕಿಸಿ ಮಲಗಿದ. ಎರಡನೆಯ ದಿನ ಬೆನ್ನಿಡೀ ಬೆವರುಸಾಲೆ ಎದ್ದಿತು. ಮೂರನೆಯ ದಿನ, ತನ್ನ ಹಾಗೆ ಕೆಲಸವಿಲ್ಲದವರು ಮಾತ್ರ ಪರರ ಫ್ಯಾನ್ ನೋಡುತ್ತಾರೆ, ಟೀಚರಿಗೆ ಜಪ ಉಂಟು, ಮನೆ ಉಂಟು ಎಂದು ತನ್ನನ್ನೇ ಬೈದುಕೊಂಡ. ಆದರೆ ಹಾಕಲಿಲ್ಲ.

ನಾಲ್ಕನೆಯ ದಿನ ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ನಾರಾವಿಯಲ್ಲಿ ಊಟ ಮುಗಿಯುವ ಹೊತ್ತು.

"ನಾಲ್ಕು ದಿನ ಆಯ್ತು" ಎಂದರು ಟೀಚರ್.

"ಹೌದು."

"ಕರೆಂಟ್ ಇಲ್ವಾ?"

"ಉಂಟು."

"ಜ್ವರವಾ?"

"ಅಲ್ಲ, ಟೀಚರ್."

"ನೀವೂ ನಿಯಮ ತಗೊಂಡ್ರಾ?"

ಹೌದು ಎಂದುಬಿಟ್ಟರೆ ಮರ್ಯಾದೆ ಉಳಿಯುತ್ತಿತ್ತು. "ಇಲ್ಲ. ಸುಮ್ಮನೆ. ಯಾರಾದ್ರೂ ಕೇಳ್ತಾರಾ ಅಂತ" ಎಂದ ಧನರಾಜ್.

ಬೇರೆ ಯಾರಾದರೂ ಆಗಿದ್ದರೆ, ಎಂಥ ಮನುಷ್ಯ ಮಾರಾಯ, ಮೊದಲು ಫ್ಯಾನ್ ಹಾಕು ಎನ್ನುತ್ತಿದ್ದರು. ಅವರಿಗೆ ಅದನ್ನು ಹೇಳುವ ಹಾಗಿರಲಿಲ್ಲ.

"ಸೆಖೆ ಉಂಟಾ ಅಲ್ಲಿ?" ಎಂದು ಕೇಳಿದರು.

"ಉಂಟು."

"ತುಂಬಾ?"

"ತುಂಬಾ ಉಂಟು, ಟೀಚರ್."

ಅವರು ಮುಂದೆ ಮಾತಾಡಲಿಲ್ಲ. ಫೋನ್ ಇಡಲೂ ಇಲ್ಲ. ಪಾತ್ರೆ ತೊಳೆಯುವ ಸದ್ದು ದೂರದಿಂದ ಕೇಳಿಸುತ್ತಿತ್ತು, ಅವರ ಉಸಿರೂ ಕೇಳಿಸುತ್ತಿತ್ತು. ಧನರಾಜ್ ಕಾದ. ಅವರೂ ಕಾಯುತ್ತಿದ್ದರು. ಆಮೇಲೆ ಅವನು ಎದ್ದು ಗೋಡೆಯ ಹತ್ತಿರ ಹೋಗಿ ಗಾಜಿಗೆ ಬೆರಳು ತಾಗಿಸಿದ. ನಾಲ್ಕು ದಿನ ನಿಂತಿದ್ದ ಫ್ಯಾನ್ ಎರಡರಲ್ಲಿ ತಿರುಗತೊಡಗಿತು, ಬಾಗಿಲ ಹಿಂದಿನ ಕ್ಯಾಲೆಂಡರ್ ಪಟಪಟ ಎಂದಿತು. ಆ ಪಟಪಟ ಅವರಿಗೂ ಕೇಳಿಸಿರಬೇಕು.

ಒಳ್ಳೇದಾಯ್ತು ಎನ್ನುವ ಹಾಗೂ ಅವರಿಗಿರಲಿಲ್ಲ. ಅವರು ಇನ್ನೂ ಒಂದಷ್ಟು ಹೊತ್ತು ಹಾಗೇ ಕೇಳುತ್ತಿದ್ದು, ಆಮೇಲೆ ಫೋನ್ ಇಟ್ಟರು.